ಅವ್ವ ಬಿತ್ತಿದ ಹೊಲ, ಅಪ್ಪನ ಹೆಸರಿನ ಪಹಣಿ

ನಮ್ಮದು ಚಳ್ಳಕೆರೆ ತಾಲ್ಲೂಕು. ಮಳೆಯನ್ನೇ ನಂಬಿದ ಎರಡೂವರೆ ಎಕರೆ ಖುಷ್ಕಿ ಹೊಲ, ವರ್ಷಾ ವರ್ಷಾ ಶೇಂಗಾ. ಅಪ್ಪ 2019ರಲ್ಲಿ ತೀರಿಕೊಂಡ ಮೇಲೆ ಬೀಜ ತರೋದು, ಟ್ರ್ಯಾಕ್ಟರ್‌ನವರಿಗೆ ಹೇಳೋದು, ಕಳೆ ತೆಗೆಸೋದು ಎಲ್ಲಾ ಅವ್ವನೇ.

2023ರ ಜುಲೈನಲ್ಲಿ ಬಿತ್ತಿದಳು. ಪೈರು ಚೆನ್ನಾಗೇ ಎದ್ದಿತ್ತು. ಆಗಸ್ಟ್ ಪೂರ್ತಿ ಮೋಡ ಕಟ್ಟಿತು, ಗಾಳಿ ಬೀಸಿತು, ಮಳೆ ಮಾತ್ರ ಇಲ್ಲ. 1901ರಿಂದ ಈಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲವಂತೆ. ದಸರಾಕ್ಕೆ ಊರಿಗೆ ಹೋದಾಗ ಅವ್ವ ಒಂದು ಗಿಡ ಕಿತ್ತು ನನ್ನ ಕೈಗಿಟ್ಟಳು. ಬುಡದಲ್ಲಿ ನಾಲ್ಕೇ ಕಾಯಿ. ಒಡೆದು ನೋಡಿದರೆ ಎರಡು ಜಳ್ಳು, ಇನ್ನೆರಡರಲ್ಲಿ ಅಕ್ಕಿಕಾಳಿನಷ್ಟು ಸುಕ್ಕು ಬೀಜ. ಕೀಳಿಸಿದರೆ ಕೂಲಿ ದುಡ್ಡೂ ಹುಟ್ಟಲ್ಲ ಅಂತ ಹೊಲಕ್ಕೆ ದನ ಬಿಟ್ಟಳು.

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. 2024ರ ಜನವರಿಯಿಂದ ರಾಜ್ಯ ಸರ್ಕಾರ ಬೆಳೆ ಪರಿಹಾರದ ಮೊದಲ ಕಂತು ಅಂತ 2,000 ರೂಪಾಯಿವರೆಗೆ ಖಾತೆಗೆ ಹಾಕಿತು. ಕೇಂದ್ರದಿಂದ ಬರಬೇಕಿದ್ದ ಉಳಿದ ಹಣಕ್ಕೆ ರಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಏಪ್ರಿಲ್ ಕೊನೆಗೆ ಕೇಂದ್ರದಿಂದ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಹಾಕಿದ ಖರ್ಚಿನ ಅರ್ಧವೂ ಬರಲ್ಲ. ಆದರೂ ಮುಂದಿನ ಬಿತ್ತನೆ ಬೀಜಕ್ಕೆ ಆಸರೆ ಅಲ್ವಾ?

ಪಕ್ಕದ ಹೊಲದ ಅಣ್ಣನಿಗೆ ಎರಡು ಸಲ ಮೆಸೇಜ್ ಬಂತು. ಅವರದೂ ನಮ್ಮಷ್ಟೇ ಹೊಲ. ಅವ್ವನ ಫೋನಿಗೆ ಏನೂ ಬರಲಿಲ್ಲ. ರಜೆ ಹಾಕಿ ಅವಳನ್ನು ಕರೆದುಕೊಂಡು ಕಚೇರಿಗೆ ಹೋದೆ. ಪರಿಹಾರ ಹೋಗೋದು ಫ್ರೂಟ್ಸ್ ಐಡಿ, ಅಂದರೆ ರೈತರ ಸರ್ಕಾರಿ ನೋಂದಣಿ ಸಂಖ್ಯೆ ನೋಡಿ. ಆ ಐಡಿಗೆ ಪಹಣಿ, ಅಂದರೆ ಹೊಲದ ದಾಖಲೆ, ಜೋಡಣೆಯಾಗಿರಬೇಕು, ಪಹಣಿದಾರರ ಆಧಾರ್ ಬ್ಯಾಂಕ್ ಖಾತೆಗೆ ಸೇರಿರಬೇಕು. ನಮ್ಮ ಪಹಣಿಯಲ್ಲಿ ಹೊಲದ ಒಡೆಯರ ಹೆಸರು ಬರೆಯುವ ಒಂಬತ್ತನೇ ಕಾಲಂನಲ್ಲಿ ಇದ್ದದ್ದು ಅಪ್ಪನ ಹೆಸರು. "ತೀರಿಕೊಂಡವರ ಹೆಸರಲ್ಲಿ ಹಣ ಬರಲ್ಲಮ್ಮ, ಮೊದಲು ಪೌತಿ ಖಾತೆ ಮಾಡಿಸಿ" ಅಂದರು. ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋದು.

ಅವ್ವ ಸುಮ್ನೆ ನಿಂತಿದ್ದಳು. ಹೊರಗೆ ಬಂದ ಮೇಲೆ ಅಂದಳು: "ಅವರ ಹೆಸರಲ್ಲಿ ಬಿತ್ತಿದ್ದು ನಾನಲ್ವೇನೇ? ಸಾಲ ತಂದಿದ್ದು ನಾನಲ್ವಾ?"

ತಪ್ಪು ನನ್ನದೂ ಇದೆ. ಓದಿದ ಮಗಳು ನಾನು, ಐದು ವರ್ಷ ಆ ಕಾಗದ ತೆಗೆದು ನೋಡಲಿಲ್ಲ. ಮರಣ ಪತ್ರ, ವಂಶವೃಕ್ಷ ಹುಡುಕಿ ತೆಗೆಸಿದೆ. ದೂರದಲ್ಲಿರುವ ತಮ್ಮನನ್ನೂ ಸಹಿಗೆ ಕರೆಸಿದೆ. ಖಾತೆ ಅವ್ವನ ಹೆಸರಿಗೆ ಆಗುವ ಹೊತ್ತಿಗೆ ಆ ವರ್ಷದ ಪರಿಹಾರ ಮುಗಿದೇ ಹೋಗಿತ್ತು. ಈಗ ಇ-ಪೌತಿ ಅಂತ ಗ್ರಾಮ ಆಡಳಿತ ಅಧಿಕಾರಿಗಳೇ ಮನೆಗೆ ಬಂದು ಮಾಡಿಕೊಡುವ ಅಭಿಯಾನ ಶುರುವಾಗಿದೆ. ನಿಮ್ಮ ಊರಲ್ಲೂ ವಿಚಾರಿಸಿ. ನಿಮ್ಮ ತಾಯಿ ಒಬ್ಬರೇ ಹೊಲ ಮಾಡಿಸುತ್ತಿದ್ದರಂತೂ ಇವತ್ತೇ ಪಹಣಿ ತೆಗೆದು ನೋಡಿ.

ಹೊಸ ಪಹಣಿ ಹಿಡಿದು ಮನೆಗೆ ಬಂದ ದಿನ ನಮ್ಮ ಓಣಿಯ ಮಾವ ಒಬ್ಬರು ಕಟ್ಟೆ ಮೇಲೆ ಕೂತಿದ್ದರು. ಅವರಿಗೆ ಸ್ವಂತ ಹೊಲ ಇಲ್ಲ. ಊರು ಬಿಟ್ಟು ಹೋದವರ ನಾಲ್ಕು ಎಕರೆ ಕೋರಿಗೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಮಾಡುತ್ತಾರೆ. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಗೇಣಿಗೆ ಕೊಡೋದೇ ನಿಷೇಧ, ಹಾಗಾಗಿ ಇಬ್ಬರ ನಡುವೆ ಒಂದು ಚೀಟಿಯೂ ಇಲ್ಲ. ಬೀಜ, ಗೊಬ್ಬರ, ಸಾಲ ಎಲ್ಲಾ ಇವರದು. ಪರಿಹಾರ ಹೋಗಿದ್ದು ಹೊಲದವರ ಖಾತೆಗೆ.

ಮಾವ ಪಹಣಿ ಕೈಗೆ ತಗೊಂಡು ಮಡಿಕೆ ಬಿಡಿಸಿ ನೋಡಿದರು. "ಅಂತೂ ನಿಮ್ಮವ್ವಂದು ಸರಿ ಆಯ್ತು ಬಿಡವ್ವ. ನನ್ನ ಹೆಸರು ಯಾವ ಕಾಲಂನಲ್ಲಿ ಬರೀತಾರೆ?" ಅಂದರು.

ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವ್ವ ಒಳಗೆ ಹೋಗಿ ಅವರಿಗೆ ಚಾ ತಂದುಕೊಟ್ಟಳು.