ತಪ್ಪು ಒಪ್ಪಿಕೊಂಡ ಮೇಲೆ ಅಪೀಲು ಹಾಕಬಹುದಾ?

ಬೆಳಗಾವಿ ಕೋರ್ಟಿನ ಕಟ್ಟೆ ಮೇಲೆ ಕೂತ ಮನೆಯವರು ನನ್ನನ್ನು ಕೇಳುವುದು ಒಂದೇ ಮಾತು. "ಸಾಹೇಬ್ರ, ಹುಡುಗ ಗುನ್ಹೆ ಒಪ್ಪಿಕೊಂಡುಬಿಟ್ಟಾನ್ರಿ. ಶಿಕ್ಷೆ ಭಾಳ ಆತು. ಇನ್ನ ಅಪೀಲ್ ಆಗೂದಿಲ್ಲೇನ್ರಿ?"

ಆಗುತ್ತದೆ. ಆದರೆ ಶಿಕ್ಷೆಯ ಬಗ್ಗೆ ಮಾತ್ರ. 'ನಾನು ತಪ್ಪೇ ಮಾಡಿಲ್ಲ' ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕೆಂದು ಹೇಳುತ್ತಿದ್ದ ಹಳೇ ಕಾನೂನು ಸಿಆರ್‌ಪಿಸಿಯ 375ನೇ ಕಲಂ, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನ 416, ಎರಡೂ ಹೇಳುವುದು ಇದನ್ನೇ: ಶಿಕ್ಷೆ ಜಾಸ್ತಿಯಾಯಿತು, ಇಲ್ಲವೇ ಕಾನೂನಿಗೆ ಹೊರತಾಗಿದೆ ಎಂದು ಕೇಳಬಹುದು. ಹೈಕೋರ್ಟೇ ವಿಚಾರಣೆ ಮಾಡಿ ಶಿಕ್ಷೆ ಕೊಟ್ಟಿದ್ದರೆ ಮಾತ್ರ ಅದೂ ಇಲ್ಲ. ಸಣ್ಣಪುಟ್ಟ ದಂಡಕ್ಕೂ ಅಪೀಲಿಲ್ಲ.

ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗನೊಬ್ಬ ಅಪಘಾತದ ಕೇಸಿನಲ್ಲಿ ತಪ್ಪು ಒಪ್ಪಿಕೊಂಡ ಅಂತಿಟ್ಟುಕೊಳ್ಳಿ. ಅಪೀಲಿನಲ್ಲಿ ಸುಮ್ನೆ 'ಬಡವರು ಸ್ವಾಮಿ' ಎಂದರೆ ಸಾಲದು. ಮೊದಲನೇ ತಪ್ಪಾ, ಮನೆಯಲ್ಲಿ ದುಡಿಯುವವನು ಅವನೊಬ್ಬನೇನಾ, ಎಷ್ಟು ದಿನ ಆಗಲೇ ಜೈಲಲ್ಲಿದ್ದ, ಗಾಯಾಳುವನ್ನು ಆಸ್ಪತ್ರೆಗೆ ತಾನೇ ಒಯ್ದನಾ, ಇವನ್ನೆಲ್ಲ ಕೆಳಗಿನ ಕೋರ್ಟು ತನ್ನ ಆದೇಶದಲ್ಲಿ ತೂಗಿದೆಯಾ ಎಂದು ಓದಿ ತೋರಿಸಬೇಕು. ನನ್ನ ಮಟ್ಟಿಗೆ ಅಪೀಲಿನ ಜೀವ ಇರುವುದೇ ಇಲ್ಲಿ.

'ದಂಡ ಕಟ್ಟಿ ಹೋಗಬಹುದು' ಎಂಬ ಭರವಸೆ ನಂಬಿ ಒಪ್ಪಿಕೊಂಡವರೂ ಇದ್ದಾರೆ. ನಮ್ಮ ರಾಜ್ಯದ್ದೇ ತಿಪ್ಪಸ್ವಾಮಿ ಕೇಸಿನಲ್ಲಿ, ಹಗುರ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಏರಿಸುವುದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿತು. ಇಂಥದ್ದು ಆಗಿದ್ದರೆ ವಕೀಲರಿಗೆ ಮುಚ್ಚಿಡದೆ ಹೇಳಿ.

ಇನ್ನು ದಿನದ ಲೆಕ್ಕ. ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಗೆ ಸೆಷನ್ಸ್ ಕೋರ್ಟಿಗೆ 30 ದಿನ, ಸೆಷನ್ಸ್ ಕೊಟ್ಟದ್ದಕ್ಕೆ ಹೈಕೋರ್ಟಿಗೆ 60 ದಿನ. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿಗೆ. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ. ತಡವಾದರೂ ಸರಿಯಾದ ಕಾರಣ ಇದ್ದರೆ ಕೋರ್ಟು ಮನ್ನಿಸಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಅಪೀಲಿನ ಜೊತೆಗೇ ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಎಂದೂ ಅರ್ಜಿ ಹಾಕಿ. ಇಲ್ಲದಿದ್ದರೆ ಅಪೀಲು ಮುಗಿಯುವಷ್ಟರಲ್ಲಿ ಸಣ್ಣ ಶಿಕ್ಷೆ ಪೂರ್ತಿ ಮುಗಿದೇ ಹೋಗಿರುತ್ತದೆ, ಅಲ್ವಾ?

ಹುಡುಗ ಹಿಂಡಲಗಾ ಜೈಲಿನಲ್ಲಿದ್ದರೆ ಅಪೀಲನ್ನು ಅಲ್ಲಿನ ಅಧಿಕಾರಿಗಳ ಕೈಗೇ ಕೊಡಬಹುದು, ಅವರು ಕೋರ್ಟಿಗೆ ಕಳಿಸಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಿಂಜರಿಯಬೇಡಿ. ಜೈಲಿನಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ.