ಯುದ್ಧದ ಪುಸ್ತಕಗಳನ್ನೇ ಏಕೆ ಓದುತ್ತೀರಿ?

ಮನೆಗೆ ಬಂದವರು ನನ್ನ ಪುಸ್ತಕದ ಕಪಾಟನ್ನು ನೋಡಿದೊಡನೆ ಕೇಳುವುದು ಒಂದೇ: "ನಿಮ್ಮ ಮನೆಯಲ್ಲಿ ಯಾರಾದರೂ ಮಿಲಿಟರಿಯಲ್ಲಿದ್ದರೇ?" ಯಾರೂ ಇರಲಿಲ್ಲವೆಂದರೆ, "ಹಾಗಾದರೆ ಈ ಯುದ್ಧ, ವಿಮಾನಗಳ ಪುಸ್ತಕಗಳನ್ನೇ ಏಕೆ ಓದುತ್ತೀರಿ?" ಎನ್ನುತ್ತಾರೆ. ಕೇಳಿದವರಿಗೆ ಬಿಡುವಿದ್ದರೆ ನಾನು ಮಾರುತ್ ವಿಮಾನದ ಕಥೆ ಹೇಳುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕೆ-ವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿಕೊಟ್ಟ ಕುರ್ಟ್ ಟ್ಯಾಂಕ್ 1956ರಲ್ಲಿ ನಮ್ಮ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನ ಎಂಜಿನಿಯರುಗಳೊಂದಿಗೆ ಸೇರಿ ಶಬ್ದದ ವೇಗವನ್ನು ಮೀರಬಲ್ಲ ಯುದ್ಧವಿಮಾನವೊಂದರ ವಿನ್ಯಾಸಕ್ಕೆ ತೊಡಗಿದರು. ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ನೋಡಿದರು. ನಿಜವಾದ ವಿಮಾನ ಹಾರಿದ್ದು 1961ರ ಜೂನ್ 17ರಂದು. ಆದರೆ ಅದಕ್ಕೆಂದು ಎಣಿಸಿದ್ದ ಶಕ್ತಿಶಾಲಿ ಎಂಜಿನ್ ಕೈಗೆ ಬರಲೇ ಇಲ್ಲ. ಅದನ್ನು ತಯಾರಿಸಬೇಕಿದ್ದ ಬ್ರಿಟನ್ ಆಸಕ್ತಿ ಕಳೆದುಕೊಂಡಿತು, ಉಳಿದ ವೆಚ್ಚವನ್ನು ಹೊರಲು ಭಾರತ ಒಪ್ಪಲಿಲ್ಲ. ಕೊನೆಗೆ ಆಫ್ಟರ್‌ಬರ್ನರ್ (ಹೊರಬೀಳುವ ಬಿಸಿ ಅನಿಲದಲ್ಲಿ ಮತ್ತೆ ಇಂಧನ ಉರಿಸಿ ಹೆಚ್ಚಿನ ನೂಕುಬಲ ಕೊಡುವ ಭಾಗ) ಇಲ್ಲದ ಆರ್ಫಿಯಸ್ ಎಂಜಿನ್ನುಗಳೆರಡನ್ನು ಕೂಡಿಸಿದ್ದರಿಂದ, ಅಷ್ಟು ಚೆಂದದ ಒಡಲು ತನ್ನ ವೇಗವನ್ನು ಎಂದೂ ಮುಟ್ಟಲಿಲ್ಲ. ಹಾಗೆಂದು ಅದು ಕೆಲಸಕ್ಕೆ ಬಾರದೆ ಹೋಗಲಿಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ನಡೆಸಿತು. ಒಂದು ಯಂತ್ರದ ಹಣೆಬರಹ ರಣರಂಗಕ್ಕಿಂತ ಬಹಳ ಮೊದಲೇ ಲೆಕ್ಕಪತ್ರಗಳ ಮೇಜಿನ ಮೇಲೆ ಬರೆಯಲ್ಪಡುವುದನ್ನು ಹಂತಹಂತವಾಗಿ ನೋಡುವುದೇ ನನಗೆ ಈ ಓದಿನ ರುಚಿ.

ಆ ಮೊದಲ ಹಾರಾಟದ ಪೈಲಟ್ ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿಯೇ ಅವರು ತೀರಿಕೊಂಡರು. ಹಳೆ ಮದ್ರಾಸ್ ರಸ್ತೆಯನ್ನೂ ಹಳೆ ವಿಮಾನ ನಿಲ್ದಾಣ ರಸ್ತೆಯನ್ನೂ ಕೂಡಿಸುವ ರಸ್ತೆಗೆ ಅವರದೇ ಹೆಸರಿದೆ. ಅಲ್ಲಿ ವರ್ಷಗಟ್ಟಲೆ ಓಡಾಡಿದ್ದ ನಾನು, ಸುರಂಜನ್ ದಾಸ್ ಎಂದರೆ ಯಾರೋ ಸ್ವಾತಂತ್ರ್ಯ ಹೋರಾಟಗಾರರಿರಬೇಕು ಎಂದುಕೊಂಡಿದ್ದೆ.

ಯುದ್ಧದ ವೈಭವ ಇಷ್ಟವೇ ಎಂದು ಕೇಳುವವರೂ ಇದ್ದಾರೆ. ನನ್ನ ಅನುಭವದಲ್ಲಿ ಈ ಓದು ವೈಭವದ ಬಣ್ಣವನ್ನು ಕಳಚುತ್ತದೆಯೇ ಹೊರತು ಬಳಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನಗಳನ್ನು ಉರುಳಿಸಿದ್ದಾಗಿ ಬ್ರಿಟನ್ ಸಾರಿತು. ಯುದ್ಧ ಮುಗಿದ ಮೇಲೆ ಜರ್ಮನರ ದಾಖಲೆಗಳನ್ನು ತಾಳೆ ನೋಡಿದಾಗ ಸಿಕ್ಕ ಸಂಖ್ಯೆ ಸುಮಾರು 60. ಯಾರೂ ಬೇಕೆಂದೇ ಸುಳ್ಳು ಹೇಳಬೇಕಾಗಿರಲಿಲ್ಲ. ಗಡಿಬಿಡಿಯಲ್ಲಿ ಒಂದೇ ವಿಮಾನಕ್ಕೆ ಮೂವರು ಗುಂಡು ಹಾರಿಸಿದರೆ ಮೂವರೂ ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಆದ್ದರಿಂದಲೇ ಚರ್ಚ್ ಸ್ಟ್ರೀಟ್‌ನ ಅಂಗಡಿಗಳಲ್ಲಿ ವಾಯುಯುದ್ಧದ ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಕೊನೆಯ ಅನುಬಂಧವನ್ನು ತಿರುವುತ್ತೇನೆ. ಎರಡೂ ಕಡೆಯ ನಷ್ಟದ ಪಟ್ಟಿ ಅಲ್ಲಿಲ್ಲದಿದ್ದರೆ, ಮುಖಪುಟದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಪುಸ್ತಕವನ್ನು ಇದ್ದಲ್ಲಿಯೇ ಇಟ್ಟುಬರುತ್ತೇನೆ.