ಹಾಡುವವರಿಗೆ ಏನು ಕೇಳಿಸುತ್ತಿದೆ?

ಯಾವುದೇ ದೊಡ್ಡ ಕಾರ್ಯಕ್ರಮಕ್ಕೆ ಹೋಗಿ ನೋಡಿ, ಅಲ್ಲಿ ಎರಡು ಬೇರೆ ಬೇರೆ ಸೌಂಡ್ ಇರುತ್ತದೆ. ಒಂದು ಜನರಿಗೆ ಕೇಳಿಸುವುದು, ಇನ್ನೊಂದು ಸ್ಟೇಜ್ ಮೇಲೆ ನಿಂತವರಿಗೆ ಕೇಳಿಸುವುದು. ಜನರ ನಡುವೆ ಮಿಕ್ಸರ್ ಇಟ್ಟುಕೊಂಡು ಕೂತವರು ಮೊದಲನೆಯದನ್ನು ನೋಡಿಕೊಳ್ಳುತ್ತಾರೆ. ನನ್ನದು ಎರಡನೆಯದು. ಸ್ಟೇಜಿನ ಪಕ್ಕದಲ್ಲಿ, ಕಪ್ಪು ಪರದೆಯ ಮರೆಯಲ್ಲಿ ನಿಂತು ಗಾಯಕರಿಗೆ, ಡ್ರಮ್ಮರ್‌ಗೆ, ಗಿಟಾರಿನವರಿಗೆ ಅವರವರಿಗೆ ಬೇಕಾದ ಮಿಕ್ಸ್ ಕೊಡುವ ಕೆಲಸ. ಮಾನಿಟರ್ ಇಂಜಿನಿಯರ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಆರ್ಕೆಸ್ಟ್ರಾ, ಕಾಲೇಜ್ ಫೆಸ್ಟ್, ರಾಕ್ ಬ್ಯಾಂಡ್ ಅಂತ ಕೇಬಲ್ ಸುತ್ತುತ್ತಾ ಕಲಿತವನು ನಾನು. ಈಗ ಅಮೆರಿಕದ ನ್ಯಾಶ್‌ವಿಲ್‌ನಲ್ಲಿದ್ದೇನೆ, ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಮತ್ತು ರಾಕ್ ಬ್ಯಾಂಡ್‌ಗಳ ಜತೆ ಇದೇ ಕೆಲಸ.

ಈ ಕೆಲಸ ಇಲ್ಲದಿದ್ದಾಗ ಏನಾಗುತ್ತಿತ್ತು ಅನ್ನುವುದಕ್ಕೆ ಬೀಟಲ್ಸ್ ಕಥೆ ಸಾಕು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಅವರನ್ನು ನೋಡಲು ಸೇರಿದ್ದವರು ಸುಮಾರು 55,600 ಜನ. ಗಿಟಾರಿಗೆ 100 ವಾಟ್‌ನ ಆಂಪ್ (ಆಂಪ್ಲಿಫೈಯರ್), ಹಾಡಿಗೆ ಸ್ಟೇಡಿಯಂನ ಸ್ಪೀಕರ್. ಸ್ಟೇಜ್ ಮೇಲೆ ಅವರ ಕಡೆ ತಿರುಗಿಸಿದ ಸ್ಪೀಕರ್, ಅಂದರೆ ಮಾನಿಟರ್, ಅಂತ ಒಂದೂ ಇರಲಿಲ್ಲ. ಜನರ ಕಿರುಚಾಟದಲ್ಲಿ ಯಾರು ಏನು ನುಡಿಸುತ್ತಿದ್ದಾರೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಮುಂದೆ ನಿಂತ ಮೂವರ ಮೈ ಅಲುಗಾಟ ನೋಡಿ ಹಾಡು ಎಲ್ಲಿಗೆ ಬಂದಿದೆ ಎಂದು ಅಂದಾಜು ಮಾಡುತ್ತಿದ್ದೆ ಅಂತ ಅವರ ಡ್ರಮ್ಮರ್ ರಿಂಗೊ ಸ್ಟಾರ್ ಆ ದಿನಗಳ ಬಗ್ಗೆ ಹೇಳಿಕೊಂಡಿದ್ದಾರೆ. ಮರುವರ್ಷ ಆಗಸ್ಟ್ 29ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನುಡಿಸಿದ್ದೇ ಅವರ ಕೊನೆಯ ಟಿಕೆಟ್ ಕಾರ್ಯಕ್ರಮವಾಯಿತು. ಪ್ರವಾಸ ನಿಲ್ಲಿಸುವುದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ತಮ್ಮ ಸಂಗೀತ ತಮಗೇ ಕೇಳಿಸದ ಬೇಸರ ಅದರಲ್ಲಿ ದೊಡ್ಡದು.

1974ರಲ್ಲಿ ಗ್ರೇಟ್‌ಫುಲ್ ಡೆಡ್ ಬ್ಯಾಂಡ್ ಬೇರೆಯೇ ದಾರಿ ಹಿಡಿಯಿತು. ತಮಗೂ ಅದೇ ಕೇಳಿಸಲಿ ಎಂದು ಜನರಿಗೆ ಕೇಳಿಸುವ ಸ್ಪೀಕರ್‌ಗಳನ್ನೇ ಗೋಡೆಯ ಹಾಗೆ ತಮ್ಮ ಬೆನ್ನ ಹಿಂದೆ ಕಟ್ಟಿಸಿದರು. ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಕುಯ್ಯೆನ್ನುವುದು) ಆಗದಿರಲಿ ಎಂದು ಪ್ರತಿ ಗಾಯಕನಿಗೂ ಎರಡೆರಡು ಮೈಕ್ ಇಟ್ಟು, ಒಂದರ ಸಿಗ್ನಲ್ಲನ್ನು ಇನ್ನೊಂದಕ್ಕೆ ತಲೆಕೆಳಗು ಮಾಡಿದರು. ಗೋಡೆಯಿಂದ ಬಂದ ಶಬ್ದ ಎರಡೂ ಮೈಕಿಗೆ ಬಿದ್ದು ರದ್ದಾಗುತ್ತದೆ, ಬಾಯಿಗೆ ಹತ್ತಿರದ ಮೈಕಿನ ದನಿ ಮಾತ್ರ ಉಳಿಯುತ್ತದೆ. ಎಂಥ ತಲೆ ಅವರದು! ಆದರೆ ಟನ್‌ಗಟ್ಟಲೆ ಸಾಮಾನು ಊರೂರಿಗೆ ಹೊತ್ತು, ಕಟ್ಟಿ, ಬಿಚ್ಚುವ ಖರ್ಚು ತಾಳಲಾರದೆ ಆ ವರ್ಷದ ಕೊನೆಗೇ ಅದನ್ನು ಕೈಬಿಟ್ಟರು.

ಇನ್ನು ನನ್ನ ಪಾಠಕ್ಕೆ ಬರುತ್ತೇನೆ. ನ್ಯಾಶ್‌ವಿಲ್ ಇರುವ ಟೆನೆಸ್ಸಿ ರಾಜ್ಯದ ಒಂದು ಸಣ್ಣ ಊರಿನ ಥಿಯೇಟರಿನಲ್ಲಿ ಕಂಟ್ರಿ ಗಾಯಕರೊಬ್ಬರ ಸೌಂಡ್ ಚೆಕ್ ನಡೆದಿತ್ತು. ಅರವತ್ತು ದಾಟಿದವರು, ತುಂಬಾ ಸಜ್ಜನರು. "ನನ್ನ ದನಿ ಸ್ವಲ್ಪ ಜಾಸ್ತಿ ಕೊಡಿ" ಅಂದರು. ಕೊಟ್ಟೆ. ಇನ್ನೂ ಬೇಕು ಅಂದರು. ಇನ್ನೊಂದು ಚೂರು ಏರಿಸಿದರೆ ವೆಜ್ (ಗಾಯಕರ ಕಾಲ ಬಳಿ ಓರೆಯಾಗಿ ಇಡುವ ಮಾನಿಟರ್ ಸ್ಪೀಕರ್) ಕುಯ್ಯೆನ್ನುವುದು ಖಚಿತ. ನನ್ನ ಜತೆ ಆವತ್ತು ಹಿರಿಯ ಇಂಜಿನಿಯರ್ ಇದ್ದರು. ಫೇಡರ್‌ನಿಂದ (ಮಿಕ್ಸರಿನಲ್ಲಿ ಸದ್ದು ಏರಿಸಿ ಇಳಿಸುವ ಗುಂಡಿ) ಕೈ ತೆಗೆಸಿ, "ಅವರು ನಿಂತಲ್ಲಿ ಹೋಗಿ ನಿಂತುಕೋ, ಅವರ ಎತ್ತರಕ್ಕೆ ತಲೆ ಇಟ್ಟುಕೊಂಡು ಕೇಳು" ಅಂದರು.

ಹೋಗಿ ನಿಂತೆ. ಎಡಗಡೆ ಪೆಡಲ್ ಸ್ಟೀಲ್ (ಕಾಲಿನ ಪೆಡಲ್ ಇರುವ, ಮಲಗಿಸಿಟ್ಟು ನುಡಿಸುವ ಗಿಟಾರ್) ನುಡಿಸುವವರ ಆಂಪ್ ನೇರವಾಗಿ ಗಾಯಕರ ಕಿವಿಗೆ ಗುರಿ ಇಟ್ಟಂತಿತ್ತು. ಪೆಡಲ್ ಸ್ಟೀಲ್ ನಾದ ಎಳೆದೆಳೆದು ಬರುವುದು ಮನುಷ್ಯರ ದನಿ ಓಡಾಡುವ ಜಾಗದಲ್ಲೇ, ಹಾಗಾಗಿ ದನಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಮಿಕ್ಸರ್ ಹತ್ತಿರ ನಿಂತ ನನಗೆ ಇದರ ಸುಳಿವೇ ಸಿಕ್ಕಿರಲಿಲ್ಲ. ಆಂಪನ್ನು ಸ್ವಲ್ಪ ಓರೆ ಮಾಡಿಸಿದೆವು. ಅವರ ವೆಜ್‌ನಿಂದ ಎಲೆಕ್ಟ್ರಿಕ್ ಗಿಟಾರ್ ಇಳಿಸಿ, ಕೀಬೋರ್ಡ್ ಪೂರ್ತಿ ತೆಗೆದೆವು. ಆಮೇಲೆ ಅವರ ದನಿಯನ್ನು ಮೊದಲಿದ್ದದ್ದಕ್ಕಿಂತ ಕಡಿಮೆ ಮಾಡಿದರೂ "ಹಾಂ, ಈಗ ಸರಿಹೋಯ್ತು" ಅಂದರು. ಅವರು ಹಾಡುವ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಕತ್ತಿನ ನರ ಉಬ್ಬಿಸಿ ಕೂಗುತ್ತಿದ್ದವರು ಮಾತಾಡಿದಷ್ಟು ಸಲೀಸಾಗಿ ಹಾಡತೊಡಗಿದರು.

ಜಾಸ್ತಿ ಬೇಕು ಅಂದಾಗ ಮೊದಲು ಏನು ಅಡ್ಡ ಬಂದಿದೆ ನೋಡಬೇಕು ಎಂಬುದು ಅಂದಿನಿಂದ ನನ್ನ ಕೈಗೆ ಅಂಟಿಕೊಂಡಿದೆ. ಇದು ಬರೀ ಒಂದು ಸಂಜೆಯ ಅನುಕೂಲದ ಪ್ರಶ್ನೆಯಲ್ಲ. ತನ್ನ ದನಿ ಕೇಳಿಸದ ಗಾಯಕ ಗಂಟಲು ಒತ್ತುತ್ತಾನೆ, ಶ್ರುತಿ ಮೇಲೆ ಕೆಳಗೆ ಆಗುತ್ತದೆ. ವಾರಕ್ಕೆ ನಾಲ್ಕೈದು ಊರು, ತಿಂಗಳುಗಟ್ಟಲೆ ಬಸ್ಸಿನಲ್ಲೇ ನಿದ್ದೆ, ಹೀಗೆ ಬದುಕುವವರ ಗಂಟಲು ಎಷ್ಟು ವರ್ಷ ಬಾಳುತ್ತದೆ ಅನ್ನುವುದರಲ್ಲಿ ನಮ್ಮ ಕೈಯೂ ಇದೆ.

ನ್ಯಾಶ್‌ವಿಲ್‌ನ ಬ್ರಾಡ್‌ವೇ ಬೀದಿಯ ಬಾರ್‌ಗಳಲ್ಲಿ ಬೆಳಗ್ಗೆಯಿಂದ ನಡುರಾತ್ರಿ ದಾಟುವವರೆಗೆ ಬ್ಯಾಂಡ್ ಮೇಲೆ ಬ್ಯಾಂಡ್. ಸಾಮಾನ್ಯವಾಗಿ ಒಂದು ಪಾಳಿ ನಾಲ್ಕು ಗಂಟೆ, ಸಂಪಾದನೆಯ ಬಹುಪಾಲು ಜನ ಬಕೆಟ್ಟಿಗೆ ಹಾಕುವ ಟಿಪ್ಸ್. ಎಷ್ಟೋ ಸಲ ಜತೆಯಲ್ಲಿ ನುಡಿಸುವವರು ಆವತ್ತೇ ಮೊದಲ ಸಲ ಭೇಟಿಯಾದವರು, ರಿಹರ್ಸಲ್ ಅನ್ನುವುದೇ ಇಲ್ಲ. ಅವರನ್ನು ಕಾಪಾಡುವುದು ನ್ಯಾಶ್‌ವಿಲ್ ನಂಬರ್ ಪದ್ಧತಿ. 1950ರ ದಶಕದ ಕೊನೆಗೆ ಇಲ್ಲಿನ ಸ್ಟುಡಿಯೋಗಳಲ್ಲಿ ಹುಟ್ಟಿದ್ದು. ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರಿನ ಬದಲು ಒಂದು, ನಾಲ್ಕು, ಐದು ಎಂದು ಅಂಕಿ ಬರೆಯುತ್ತಾರೆ. ಗಾಯಕ ಅರ್ಧ ಮನೆ ಇಳಿಸಿ ಅಂದರೂ ಚೀಟಿ ಅದೇ. ಸಂಗೀತ ಪಾಠದಲ್ಲಿ ಸರಿಗಮ ಕಲಿತ ನಮಗೆ ಇದು ಥಟ್ಟನೆ ಹಿಡಿಯುತ್ತದೆ: ಸ, ಮ, ಪ ಮೇಲೆ ಕಟ್ಟಿದ ಕಾರ್ಡ್‌ಗಳೇ ಅವು, ಶ್ರುತಿ ಯಾವುದಾದರೂ ಇರಲಿ. ಆದರೆ ಚೀಟಿಯಲ್ಲಿ ಇರುವುದು ಕಾರ್ಡ್ ಮಾತ್ರ, ಉಳಿದದ್ದೆಲ್ಲ ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಆಗಬೇಕು. ಬೇಸ್ ಗಿಟಾರ್ ನುಡಿಸುವವರಿಗೆ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಕೇಳಿಸಲೇಬೇಕು, ಎಲ್ಲರಿಗೂ ಗಾಯಕರ ದನಿ ಕೇಳಿಸಲೇಬೇಕು. ಅಷ್ಟಿದ್ದರೆ ಮಿಕ್ಕಿದ್ದನ್ನು ಅವರೇ ನಿಭಾಯಿಸುತ್ತಾರೆ, ನೋಡಲು ಚಂದ.

ಈಗ ಹೆಚ್ಚಿನ ದೊಡ್ಡ ಬ್ಯಾಂಡ್‌ಗಳು ಸ್ಪೀಕರ್ ಬದಲು ಕಿವಿಯೊಳಗೆ ಹಾಕುವ ಇನ್-ಇಯರ್‌ಗೆ ಬದಲಾಗಿವೆ. ಕಿವಿಯ ಅಚ್ಚು ತೆಗೆದು ಮಾಡುವ, ಎರಡು ಡ್ರೈವರ್‌ನ (ಒಳಗಿನ ಪುಟ್ಟ ಸ್ಪೀಕರ್) ಇನ್-ಇಯರ್ ಅನ್ನು 1995ರಲ್ಲಿ ಮಾಡಿದವರು ಜೆರ್ರಿ ಹಾರ್ವೆ. ವ್ಯಾನ್ ಹೇಲನ್ ಬ್ಯಾಂಡಿನ ಮಾನಿಟರ್ ಇಂಜಿನಿಯರ್ ಅವರು, ಮಾಡಿದ್ದು ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ. ಒಬ್ಬ ಡ್ರಮ್ಮರ್‌ಗೆ ಸರಿಯಾಗಿ ಕೇಳಿಸುತ್ತಿಲ್ಲ ಎಂಬ ದೂರನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರಿಂದ ಇಡೀ ಉದ್ಯಮದ ಕೆಲಸದ ರೀತಿಯೇ ಬದಲಾಯಿತು. ನಮ್ಮ ಪೈಕಿಯವರೊಬ್ಬರ ಸಾಧನೆ ಎಂದು ನನಗೆ ಹೆಮ್ಮೆ. ಇನ್-ಇಯರ್‌ನ ತೊಂದರೆ ಅಂದರೆ ಒಂಟಿತನ. ಎರಡೂ ಕಿವಿ ಮುಚ್ಚಿದಾಗ ಜನರ ಚಪ್ಪಾಳೆ ದೂರವಾಗುತ್ತದೆ, ಗಾಯಕರು ಒಂದು ಕಿವಿಯದನ್ನು ಕಿತ್ತು ಹೆಗಲ ಮೇಲೆ ಬಿಡುತ್ತಾರೆ, ಆಮೇಲೆ ಇನ್ನೊಂದರ ವಾಲ್ಯೂಮ್ ಏರಿಸುತ್ತಾರೆ. ಆ ಕಿವಿಗೆ ಇದು ತುಂಬಾ ಕೆಟ್ಟದ್ದು. ಹಾಗಾಗಿ ನಾನು ಸ್ಟೇಜಿನ ಎರಡೂ ತುದಿಯಲ್ಲಿ ಜನರ ಕಡೆಗೆ ಮೈಕ್ ಇಟ್ಟು, ಹಾಡು ಮುಗಿದ ಕೂಡಲೇ ಆ ಸದ್ದನ್ನು ಅವರ ಮಿಕ್ಸಿಗೆ ಏರಿಸುತ್ತೇನೆ, ಮುಂದಿನ ಹಾಡಿಗೆ ಇಳಿಸುತ್ತೇನೆ. ಇಡೀ ಕಾರ್ಯಕ್ರಮ ಕೈ ಅದರ ಮೇಲೇ ಇರುತ್ತದೆ, ಕಣ್ಣು ಗಾಯಕರ ಮುಖದ ಮೇಲೆ.

ಕಿವಿ ಹೋದರೆ ಈ ವೃತ್ತಿಯೇ ಹೋದಂತೆ. ಎಸಿ/ಡಿಸಿ ಎಂಬ ರಾಕ್ ಬ್ಯಾಂಡಿನ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ, ಹೀಗೇ ಮುಂದುವರಿದರೆ ಪೂರ್ತಿ ಕಿವುಡಾಗುತ್ತೀರಿ ಎಂದು ವೈದ್ಯರು ಎಚ್ಚರಿಸಿದ ಮೇಲೆ ಪ್ರವಾಸದ ನಡುವೆಯೇ ನಿಲ್ಲಿಸಬೇಕಾಯಿತು. ಹೊಸ ಬಗೆಯ ಇನ್-ಇಯರ್ ಸಿಕ್ಕಿ ಅವರು ಎಸಿ/ಡಿಸಿ ಜತೆ ಮತ್ತೆ ಸ್ಟೇಜ್ ಹತ್ತಿದ್ದು 2023ರಲ್ಲಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಕಾರ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 100 ಡೆಸಿಬೆಲ್ ಆದರೆ 15 ನಿಮಿಷ ಮಾತ್ರ. ರಾಕ್ ಸ್ಟೇಜಿನಲ್ಲಿ 100 ದಾಟುವುದು ಮಾಮೂಲು.

ಕೊನೆಗೆ ಗ್ಲೆನ್ ಕ್ಯಾಂಬೆಲ್ ಬಗ್ಗೆ ಹೇಳದೆ ಇರಲಾರೆ. ಅದ್ಭುತ ಗಿಟಾರ್ ವಾದಕ, ಕಂಟ್ರಿ ಗಾಯಕ. ತನಗೆ ಆಲ್‌ಜೈಮರ್ ಕಾಯಿಲೆ ಎಂದು 2011ರಲ್ಲಿ ಬಹಿರಂಗವಾಗಿ ಹೇಳಿಯೇ ವಿದಾಯದ ಪ್ರವಾಸಕ್ಕೆ ಹೊರಟರು. ಬ್ಯಾಂಡಿನಲ್ಲಿ ಅವರ ಮೂವರು ಮಕ್ಕಳಿದ್ದರು. ಸಾಹಿತ್ಯಕ್ಕೆ ಮುಂದೆ ಟೆಲಿಪ್ರಾಂಪ್ಟರ್. ಸಾಲು ಮರೆಯುತ್ತಿತ್ತು, ಆಗಷ್ಟೇ ಮುಗಿಸಿದ ಹಾಡನ್ನು ಮತ್ತೆ ಶುರು ಮಾಡಿದ್ದೂ ಉಂಟು. ಆದರೆ ಮಗಳು ಆ್ಯಶ್ಲಿ ಬ್ಯಾಂಜೊದಲ್ಲಿ ಒಂದು ತುಣುಕು ನುಡಿಸಿದರೆ ಅಪ್ಪ ಗಿಟಾರಿನಲ್ಲಿ ಅದಕ್ಕೆ ತಕ್ಕ ಜವಾಬು ಕೊಡುತ್ತಿದ್ದರು, ಬೆರಳು ಮರೆತಿರಲಿಲ್ಲ. 2012ರ ನವೆಂಬರ್ ಕೊನೆಯವರೆಗೆ ಪ್ರವಾಸ ನಡೆಯಿತು. ಮನೆಯವರು ಸುತ್ತ ನಿಂತು, ಅವರು ಏನು ಕೇಳಿಸಿಕೊಳ್ಳುತ್ತಿದ್ದಾರೆ, ಎಲ್ಲಿದ್ದಾರೆ ಎಂದು ಕ್ಷಣಕ್ಷಣಕ್ಕೂ ಗಮನಿಸುತ್ತಿದ್ದುದರಿಂದಲೇ ಅದು ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ. ಆ ಪ್ರವಾಸದ ವಿಡಿಯೋಗಳನ್ನು ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ತೋರಿಸುತ್ತೇನೆ.

ಊರಿನಿಂದ ಕೆಲವರು "ಅಣ್ಣಾ, ಈ ಲೈನಿಗೆ ಬರೋಕೆ ಏನು ಓದಬೇಕು?" ಎಂದು ಮೆಸೇಜ್ ಮಾಡುತ್ತಾರೆ. ಕೋರ್ಸ್ ಮಾಡಿ, ಒಳ್ಳೆಯದೇ. ಅದಕ್ಕಿಂತ ಮೊದಲು ನಿಮ್ಮ ಊರಿನ ಗಣೇಶೋತ್ಸವದ ಆರ್ಕೆಸ್ಟ್ರಾಗೆ ಸೌಂಡ್ ಕೊಡುವವರ ಜತೆ ಒಂದು ಸೀಸನ್ ಓಡಾಡಿ. "ಸಾರ್, ಮಾನಿಟರ್ ಜಾಸ್ತಿ ಮಾಡಿ" ಎಂಬ ಕೂಗು ಅಲ್ಲೂ ಇದೆ, ನ್ಯಾಶ್‌ವಿಲ್‌ನ ಹೆಸರಾಂತ ರೈಮನ್ ಸಭಾಂಗಣದಲ್ಲೂ ಇದೆ. ಕೂಗಿದವರ ಪಕ್ಕ ಹೋಗಿ ನಿಂತು ಕೇಳಿ. ಮತ್ತೆ ಒಳ್ಳೆಯ ಇಯರ್‌ಪ್ಲಗ್ ತೆಗೆದುಕೊಳ್ಳಿ, ವರ್ಷಕ್ಕೊಮ್ಮೆ ಆಡಿಯೊಮೆಟ್ರಿ (ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ) ಮಾಡಿಸಿ, ಆ ರಿಪೋರ್ಟುಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡಿ.